ಬ್ರಸೆಲ್ಸ್‌ಗೆ ಒಬ್ಬಳೇ ಎರಡು ದಿನ: ಒಂದೊಂದು ಜಾಗಕ್ಕೂ ಎರಡೆರಡು ಹೆಸರು, ತಲೆ ಕೆಡ್ತಿದೆ

ಬೆನ್ನಚೀಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸಕ್ಕೆ ಅಂತ ಮೂರು ವಾರ ಜರ್ಮನಿಯ ಕಲೋನ್‌ಗೆ ಬಂದಿದ್ದೇನೆ. ಕೊನೆಯಲ್ಲಿ ಭಾನುವಾರ, ಸೋಮವಾರ ಎರಡು ದಿನ ಬಿಡುವಿದೆ. ಬೆಲ್ಜಿಯಂನ ಬ್ರಸೆಲ್ಸ್ ನೋಡಿಕೊಂಡು ಬರೋಣ ಅಂತ ಆಸೆ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ಹತ್ತಿರ ಅಷ್ಟೇ, ಷೆಂಗೆನ್ ವೀಸಾ ಇದೆ, ಅದರ ತಲೆನೋವಿಲ್ಲ. ಜೊತೆಗೆ ಬರುತ್ತೇನೆ ಅಂದಿದ್ದ ಸಹೋದ್ಯೋಗಿ ಈಗ ಕೈ ಎತ್ತಿದ್ದಾಳೆ. ಅವಳಿಗೋಸ್ಕರ ನಾನೂ ರೂಮಿನಲ್ಲಿ ಕೂತು ಬಟ್ಟೆ ಒಗೆಯುತ್ತಾ ಇರಲಾ? ಒಬ್ಬಳೇ ಹೋಗುತ್ತೇನೆ ಅಂತ ತೀರ್ಮಾನ ಮಾಡಿಬಿಟ್ಟೆ. ಒಬ್ಬಳೇ ಊರು ನೋಡಲು ಹೊರಟಿರುವುದು ಇದೇ ಮೊದಲ ಸಲ.

ಈಗ ಸಮಸ್ಯೆ ಏನೆಂದರೆ, ಮ್ಯಾಪ್‌ನಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು ಹೆಸರು. ಒಂದು ಕಡೆ ಬ್ರಸೆಲ್ಸ್ ಮಿದಿ, ಇನ್ನೊಂದು ಕಡೆ ಬ್ರಸೆಲ್ಸ್ ಝಾಯ್ಡ್. ಮಿದಿ ಅಂದರೆ ಮಧ್ಯ ಅಂತ ನಾನೇ ಅರ್ಥ ಮಾಡಿಕೊಂಡು, ಊರಿನ ನಡುವೆ ಇರುವ ಸ್ಟೇಷನ್ ಇದೇ ಇರಬೇಕು ಅಂತ ಅದರ ಪಕ್ಕದಲ್ಲೇ ರೂಮ್ ಹಿಡಿಯಲು ಹೊರಟಿದ್ದೆ, ಇನ್ನೂ ದುಡ್ಡು ಕಟ್ಟಿಲ್ಲ. ಅಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕು? ನನಗೆ ಆ್ಯಪ್‌ನಲ್ಲಿ ಕಲಿತ ನಾಲ್ಕು ಫ್ರೆಂಚ್ ವಾಕ್ಯ ಬರುತ್ತದೆ, ಡಚ್ ಸೊನ್ನೆ. ಫ್ರೆಂಚ್ ಮಾತಾಡಿದರೆ ಡಚ್ಚಿನವರಿಗೆ ಬೇಜಾರಾಗುತ್ತದಂತೆ, ನಿಜಾನಾ? ಇನ್ನು ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಏನು ನೋಡಲೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ, ಹೋಗಿಬಂದವರು ಹೇಳಿ.


ನೀಲಿಛತ್ರಿ:

ಮೊದಲು ಆ ರೂಮ್ ಬಿಡಿ. ಫ್ರೆಂಚ್‌ನಲ್ಲಿ ಮಿದಿ ಅಂದರೆ ದಕ್ಷಿಣ. ಡಚ್‌ನ ಝಾಯ್ಡ್ ಕೂಡ ಅದೇ ದಕ್ಷಿಣ. ಎರಡೂ ಒಂದೇ ಸ್ಟೇಷನ್. ನೀವೊಬ್ಬರೇ ಅಲ್ಲ, ಎಷ್ಟೋ ಜನ ಮಿಡಲ್ ಅಂದುಕೊಂಡು ಅಲ್ಲಿ ಇಳಿದು, ಗೋಪುರ ಎಲ್ಲಿ, ಚೌಕ ಎಲ್ಲಿ ಅಂತ ಕಣ್ಣು ಕಣ್ಣು ಬಿಡುತ್ತಾರೆ. ಊರಿನಲ್ಲಿ ಸಾಲಾಗಿ ಮೂರು ದೊಡ್ಡ ಸ್ಟೇಷನ್ ಇವೆ: ಉತ್ತರ, ಸೆಂಟ್ರಲ್, ದಕ್ಷಿಣ. ಮೂರನ್ನೂ ನೆಲದಡಿಯ ಹಳಿ ಜೋಡಿಸುತ್ತದೆ, 1952ರಲ್ಲಿ ಆದದ್ದು. ಕಲೋನ್‌ನಿಂದ ಬರುವ ಫಾಸ್ಟ್ ರೈಲು ಸೆಂಟ್ರಲ್‌ನಲ್ಲಿ ನಿಲ್ಲುವುದಿಲ್ಲ. ಉತ್ತರದಲ್ಲೋ ದಕ್ಷಿಣದಲ್ಲೋ ಇಳಿದು ಒಂದು ಲೋಕಲ್ ರೈಲು ಹತ್ತಿ ಸೆಂಟ್ರಲ್‌ಗೆ ಹೋಗಿ, ಐದು ನಿಮಿಷದ ಮಾತು. ರೂಮ್ ಕೂಡ ಸೆಂಟ್ರಲ್ ಹತ್ತಿರ ನೋಡಿ. ದಕ್ಷಿಣದ ಸ್ಟೇಷನ್ ಸುತ್ತಮುತ್ತ ರಾತ್ರಿ ಒಬ್ಬರೇ ಟ್ರಾಲಿ ಎಳೆದುಕೊಂಡು ಓಡಾಡುವ ಜಾಗ ಅಲ್ಲ, ಜೇಬುಗಳ್ಳರ ಕಾಟ ಇದೆ. ಹಗಲು ಪರವಾಗಿಲ್ಲ, ಆದರೂ ಬ್ಯಾಗ್ ಎದುರಿಗೆ ಹಾಕಿಕೊಳ್ಳಿ.

ಹೆಸರಿನ ವಿಷಯ ತಮಾಷೆ ಅಲ್ಲ, ನಾನು ಇದರಲ್ಲಿ ಸರಿಯಾಗಿ ಬಿದ್ದವನು. ಗೆಂಟ್‌ನಿಂದ ಫ್ರಾನ್ಸ್‌ನ ಲೀಲ್‌ಗೆ ಹೋಗಬೇಕಿತ್ತು. ಬೋರ್ಡ್ ಮುಂದೆ ನಿಂತು ಲೀಲ್, ಲೀಲ್ ಅಂತ ಹುಡುಕುತ್ತಿದ್ದೆ. ಇಲ್ಲವೇ ಇಲ್ಲ. ಪಕ್ಕದಲ್ಲಿ ರೈಸೆಲ್ ಅನ್ನುವ ಯಾವುದೋ ಊರಿಗೆ ಒಂದು ರೈಲು ಕಣ್ಣೆದುರಿಗೇ ಹೊರಟುಹೋಯಿತು. ಆಮೇಲೆ ಗೊತ್ತಾಯಿತು, ಲೀಲ್‌ಗೆ ಡಚ್‌ನಲ್ಲಿ ರೈಸೆಲ್ ಅನ್ನುತ್ತಾರೆ ಅಂತ! ಯಾರನ್ನು ಬೈಯುವುದು, ಬೋರ್ಡ್ ಸರಿಯಾಗಿಯೇ ಇತ್ತು. ಬ್ರಸೆಲ್ಸ್ ಊರೊಳಗೆ ಎರಡೂ ಭಾಷೆ ಇರುತ್ತದೆ. ಊರು ದಾಟಿ ದೇಶದ ಉತ್ತರಭಾಗ ಫ್ಲಾಂಡರ್ಸ್ ಕಡೆ ಹೋದರೆ ಡಚ್ ಮಾತ್ರ, ದಕ್ಷಿಣಭಾಗ ವಲೋನಿಯಾ ಕಡೆ ಹೋದರೆ ಫ್ರೆಂಚ್ ಮಾತ್ರ. ರೈಲಿನೊಳಗಿನ ಅನೌನ್ಸ್‌ಮೆಂಟ್ ಕೂಡ ಹಾಗೇ ಬದಲಾಗುತ್ತದೆ, ಗಮನವಿಟ್ಟು ಕೇಳಿದರೆ ಎಲ್ಲಿ ಗಡಿ ದಾಟಿದಿರಿ ಅಂತ ಕಿವಿಯಲ್ಲೇ ತಿಳಿಯುತ್ತದೆ. ಫ್ರೆಂಚಿನ ಲಿಯೇಜ್ ಅಂದರೆ ಡಚ್ಚಿನ ಲಾಯ್ಕ್. ಮೋನ್ಸ್ ಅಂದರೆ ಬೆರ್ಗೆನ್. ಆಂವೆರ್ ಅಂದರೆ ಆಂಟ್ವೆರ್ಪೆನ್. ನಿಮ್ಮ ಕಲೋನ್ ಏನು ಕಮ್ಮಿ, ಜರ್ಮನ್‌ನಲ್ಲಿ ಕೋಲ್ನ್, ಡಚ್‌ನಲ್ಲಿ ಕೋಲೆನ್. ವಾಪಸ್ ಬರುವಾಗ ಹೆಸರು ಹುಡುಕಬೇಡಿ, ರೈಲಿನ ನಂಬರ್ ಮತ್ತು ಹೊರಡುವ ಟೈಮ್ ನೋಡಿ. ಇದೊಂದು ನೆನಪಿಟ್ಟುಕೊಂಡರೆ ಮಿಕ್ಕಿದ್ದೆಲ್ಲ ಸುಲಭ.

ಇನ್ನೊಂದು, ರೈಲು ಕಂಪನಿಗೂ ಎರಡು ಹೆಸರು: ಎಸ್‌ಎನ್‌ಸಿಬಿ, ಎನ್‌ಎಂಬಿಎಸ್. ಮೆಟ್ರೋ, ಟ್ರಾಮಿನವರಿಗೂ ಅಷ್ಟೇ: ಸ್ಟಿಬ್, ಎಂಐವಿಬಿ. ನಾಲ್ಕು ಕಂಪನಿ ಅಂದುಕೊಂಡು ಗಾಬರಿ ಆಗಬೇಡಿ, ಇರುವುದು ಎರಡೇ.


ಚಕ್ಕುಲಿ:

ಊಟದ ವಿಷಯ ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ಆಲೂಗಡ್ಡೆ ಫ್ರೈಸ್ ಅಲ್ಲಿ ಬೀದಿಬೀದಿಯಲ್ಲಿ ಸಿಗುತ್ತದೆ. ಸಸ್ಯಾಹಾರಿಗಳು ಇದೊಂದಾದರೂ ತಿನ್ನಬಹುದಲ್ಲ ಅಂತ ಖುಷಿಯಾಗಿ ತಿಂದುಬಿಡುತ್ತಾರೆ. ಸ್ವಲ್ಪ ತಡೆಯಿರಿ. ಅಲ್ಲಿನ ಹಳೇ ಪದ್ಧತಿ ಎಂದರೆ ದನದ ಕೊಬ್ಬಿನಲ್ಲಿ ಎರಡು ಸಲ ಕರಿಯುವುದು. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿ ತಿನ್ನಿ. ನಾನು ಮೊದಲ ದಿನ ಎರಡು ಪೊಟ್ಟಣ ಖಾಲಿ ಮಾಡಿದ ಮೇಲೆ ಈ ವಿಷಯ ಗೊತ್ತಾಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ವಾಫಲ್‌ನಲ್ಲಿ ಎರಡು ಜಾತಿ. ಬ್ರಸೆಲ್ಸ್‌ನದು ಆಯತಾಕಾರ, ಹಗುರ, ಗರಿಗರಿ. ಲಿಯೇಜ್‌ನದು ಮುದ್ದೆಯಂತೆ ದಪ್ಪ, ಹಿಟ್ಟಿನೊಳಗೆ ಸಕ್ಕರೆ ಹರಳು ಹಾಕಿ ಬೇಯಿಸುತ್ತಾರೆ, ಅದು ಕರಗಿ ಹೊರಗಡೆ ಪಾಕದ ಥರ ಹಿಡಿದುಕೊಂಡಿರುತ್ತದೆ. ನನ್ನ ಮತ ಲಿಯೇಜ್‌ಗೆ. ಮೇಲೆ ಕ್ರೀಮು, ಸ್ಟ್ರಾಬೆರಿ, ಚಾಕೊಲೇಟು ಸುರಿದು ಗುಡ್ಡ ಮಾಡಿ ಮಾರುವುದೆಲ್ಲ ನಮ್ಮಂಥ ಪ್ರವಾಸಿಗಳಿಗೆ. ಸುಮ್ನೆ ಬಿಸಿಬಿಸಿ ಖಾಲಿ ವಾಫಲ್ ತಿನ್ನಿ. ಎರಡರಲ್ಲೂ ಮೊಟ್ಟೆ ಇರುತ್ತದೆ, ನಿಮಗೆ ಅಡ್ಡಿಯಿಲ್ಲವಲ್ಲ.

ಚಾಕೊಲೇಟ್ ಕೊಳ್ಳುವಾಗ ಒಳಗೆ ಮದ್ಯ ಇದೆಯಾ ಕೇಳಿ, ಕೆಲವದರಲ್ಲಿ ಇರುತ್ತದೆ. ಮಾಂಸ ಬೇಡ ಅನ್ನಲು ಫ್ರೆಂಚ್‌ನಲ್ಲಿ ಸಾಂ ವಿಯಾಂದ್, ಡಚ್‌ನಲ್ಲಿ ಝೋಂಡರ್ ವ್ಲೇಸ್. ಇಂಗ್ಲಿಷ್‌ನಲ್ಲಿ ಹೇಳಿದರೂ ಅರ್ಥ ಆಗುತ್ತದೆ. ಆದರೆ ಮೀನು ಮಾಂಸ ಅಲ್ಲ ಅನ್ನುವವರು ಅಲ್ಲೂ ಇದ್ದಾರೆ, ಆದ್ದರಿಂದ ಮೀನೂ ಬೇಡ ಅಂತ ಬೇರೆಯಾಗಿ ಹೇಳಿ.


ಗಡಿಯಾರ:

ಬೇಜಾರು ಮಾಡಿಕೊಳ್ಳಬೇಡಿ, ಬ್ರಸೆಲ್ಸ್‌ಗೆ ಎರಡು ದಿನ ದಂಡ. ಆ ದೊಡ್ಡ ಚೌಕ ಒಂದು ಚೆನ್ನಾಗಿದೆ, ಆಮೇಲೆ ಆ ಉಚ್ಚೆ ಹೊಯ್ಯುವ ಹುಡುಗನ ಕಾರಂಜಿ ಗೊಂಬೆ. ಅದನ್ನು ನೋಡಿದಾಗ ಇಷ್ಟೇನಾ ಅನ್ನಿಸಿತು. ಐವತ್ತೈದು ಸೆಂಟಿಮೀಟರ್ ಆಸುಪಾಸು ಎತ್ತರ, ಎದುರಿಗೆ ಇನ್ನೂರು ಜನ ಫೋನ್ ಹಿಡಿದು ನಿಂತಿದ್ದಾರೆ. ಮಳೆ, ಬೂದು ಬಣ್ಣದ ಆಫೀಸ್ ಕಟ್ಟಡಗಳು, ರಸ್ತೆ ಅಗೆತ. ಆ ದೊಡ್ಡ ನ್ಯಾಯಾಲಯದ ಕಟ್ಟಡಕ್ಕೆ 1980ರ ದಶಕದಲ್ಲಿ ಕಟ್ಟಿದ ಸಾರುವೆ ಎಷ್ಟೋ ವರ್ಷ ಬಿಚ್ಚಿರಲೇ ಇಲ್ಲ, ಕೊನೆಗೆ ಸಾರುವೆಯನ್ನೇ ರಿಪೇರಿ ಮಾಡಬೇಕಾಯಿತು. ಅರ್ಧ ದಿನ ಬ್ರಸೆಲ್ಸ್ ನೋಡಿ ಗೆಂಟ್‌ಗೆ ಹೋಗಿ, ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬ್ರೂಜ್ ಒಂದು ಗಂಟೆ. ಕಾಲುವೆ, ಹಳೇ ಮನೆ, ಫೋಟೋ ಚೆನ್ನಾಗಿ ಬರುತ್ತದೆ.


ಹಳೇ ಟ್ರಾಮ್:

ಗಡಿಯಾರ ಅವರೇ, ನೀವು ಬ್ರಸೆಲ್ಸ್ ನೋಡಿಲ್ಲ, ಬ್ರಸೆಲ್ಸ್‌ನ ಕ್ಯೂ ನೋಡಿದ್ದೀರಿ. ನಾನು ಏಳು ವರ್ಷದಿಂದ ಇಲ್ಲೇ ಇದ್ದೇನೆ. ಊರು ಗಲೀಜು, ಮಳೆ ಜಾಸ್ತಿ, ಒಪ್ಪಿದೆ. ಆದರೆ ಬೆನ್ನಚೀಲ ಅವರು ತಲೆಕೆಡಿಸಿಕೊಂಡಿದ್ದಾರಲ್ಲ ಎರಡು ಹೆಸರು ಅಂತ, ಈ ಊರಿನ ಮಜಾ ಇರುವುದೇ ಅದರಲ್ಲಿ. ಬೀದಿಯ ಬೋರ್ಡುಗಳನ್ನು ಓದಿಕೊಂಡು ನಡೆಯಿರಿ, ದುಡ್ಡಿಲ್ಲದ ಮ್ಯೂಸಿಯಂ ಅದು.

ಉದಾಹರಣೆಗೆ ದೊಡ್ಡ ಚೌಕ, ಫ್ರೆಂಚ್‌ನಲ್ಲಿ ಗ್ರಾಂ ಪ್ಲಾಸ್, ಡಚ್‌ನಲ್ಲಿ ಗ್ರೋಟೆ ಮಾರ್ಕ್ಟ್. ಅಂದರೆ ಒಬ್ಬರಿಗೆ ಅದು ದೊಡ್ಡ ಚೌಕ, ಇನ್ನೊಬ್ಬರಿಗೆ ದೊಡ್ಡ ಸಂತೆ. ಅಲ್ಲಿ ಪುರಭವನದ ಎದುರಿಗೆ ಒಂದು ಕಟ್ಟಡ ಇದೆ. ಫ್ರೆಂಚ್‌ನಲ್ಲಿ ಅದು ರಾಜನ ಮನೆ, ಡಚ್‌ನಲ್ಲಿ ಬ್ರೆಡ್ ಮನೆ! ಹಿಂದೆ ಅಲ್ಲಿ ಬ್ರೆಡ್ ಮಾರುತ್ತಿದ್ದರು. ರಾಜ ಯಾರೂ ಅಲ್ಲಿ ವಾಸ ಮಾಡಲಿಲ್ಲ. ಅದೇ ಕಟ್ಟಡದಲ್ಲಿ ಈಗ ಊರಿನ ಮ್ಯೂಸಿಯಂ ಇದೆ, ಆ ಉಚ್ಚೆ ಹುಡುಗನ, ಅಂದರೆ ಮಾನೆಕೆನ್ ಪಿಸ್‌ನ ಅಸಲಿ ಕಂಚಿನ ಗೊಂಬೆ, 1619ರದ್ದು, ಅಲ್ಲಿದೆ. ಬೀದಿಯಲ್ಲಿ ಇನ್ನೂರು ಜನ ಫೋಟೋ ತೆಗೆಯುವುದು ನಕಲಿಗೆ. ಅಸಲಿಯ ಮುಂದೆ ಎಷ್ಟೋ ಸಲ ನಾನೊಬ್ಬನೇ ನಿಂತಿದ್ದೇನೆ. ಅವನಿಗೆ ಸಾವಿರಕ್ಕೂ ಹೆಚ್ಚು ಬಟ್ಟೆ ಇವೆ, ಬೇರೆಬೇರೆ ದೇಶದವರು ಕೊಟ್ಟದ್ದು, ಅದಕ್ಕೇ ಪ್ರತ್ಯೇಕ ಮ್ಯೂಸಿಯಂ ಉಂಟು.

ಚೌಕದ ಬಗ್ಗೆ ಒಂದು ಮಾತು. 1695ರಲ್ಲಿ ಫ್ರಾನ್ಸ್‌ನ ರಾಜನ ಸೈನ್ಯ ಫಿರಂಗಿ ಇಟ್ಟು ಈ ಊರನ್ನು ಸುಟ್ಟಿತು. ಪುರಭವನದ ಗೋಪುರ ಉಳಿಯಿತು, ಸುತ್ತಲಿನ ಮನೆಗಳು ಹೋದವು. ನೀವು ನೋಡುವ ಚಿನ್ನದ ಬಣ್ಣದ ಮನೆಗಳೆಲ್ಲ ವ್ಯಾಪಾರಿಗಳ, ಕಸುಬುದಾರರ ಸಂಘಗಳು ಆಮೇಲೆ ಕೆಲವೇ ವರ್ಷಗಳಲ್ಲಿ ಜಿದ್ದಿಗೆ ಬಿದ್ದಂತೆ ಮತ್ತೆ ಕಟ್ಟಿಸಿಕೊಂಡದ್ದು. ಯುನೆಸ್ಕೋ ಪಟ್ಟಿಗೆ 1998ರಲ್ಲಿ ಸೇರಿತು. ಹಗಲು ಒಂದು ಸಲ, ರಾತ್ರಿ ದೀಪ ಹಾಕಿದ ಮೇಲೆ ಇನ್ನೊಂದು ಸಲ ಹೋಗಿ. ಗೋಪುರ ಕಟ್ಟಡದ ಸರಿ ಮಧ್ಯದಲ್ಲಿ ಇಲ್ಲ, ಎಡಕ್ಕೂ ಬಲಕ್ಕೂ ಕಿಟಕಿ ಎಣಿಸಿ ನೋಡಿ.

ನನಗೆ ಇಷ್ಟದ ಜಾಗ ಮಾರೋಲ್. ನ್ಯಾಯಾಲಯದ ಪಕ್ಕದಲ್ಲಿ ಗಾಜಿನ ಲಿಫ್ಟ್ ಇದೆ, ಕೆಟ್ಟಿರದಿದ್ದರೆ ಪುಕ್ಕಟೆ ಇಳಿಯಬಹುದು. ಕೆಳಗೆ ಹಳೇ ಸಾಮಾನಿನ ಸಂತೆ, ದಿನಾ ಬೆಳಿಗ್ಗೆ ನಡೆಯುತ್ತದೆ. ಆ ಜಾಗಕ್ಕೆ ಫ್ರೆಂಚ್‌ನಲ್ಲಿ ಚೆಂಡಾಟದ ಚೌಕ, ಡಚ್‌ನಲ್ಲಿ ನರಿಗಳ ಚೌಕ. ಎಲ್ಲಿಂದೆಲ್ಲಿಗೆ! ಆ ಕಡೆ ಕೆಲವು ಬೀದಿಗಳಲ್ಲಿ ಮೂರನೇ ಹೆಸರೂ ಬರೆದಿರುತ್ತಾರೆ, ಅದು ಬ್ರಸೆಲ್ಸ್‌ನ ಆಡುಮಾತು. ಡಚ್ಚಿನ ಮೈಗೆ ಫ್ರೆಂಚ್ ಪದ ಹೊಲಿದ ಹಾಗಿದೆ. ಹಳಬರು ಮಾತ್ರ ಮಾತಾಡುತ್ತಾರೆ ಈಗ.

ಯಾವ ಭಾಷೆ ಅನ್ನುವುದಕ್ಕೆ ಬರುತ್ತೇನೆ. ಕಾನೂನಿನ ಪ್ರಕಾರ ಬ್ರಸೆಲ್ಸ್‌ನ 19 ಪುರಸಭೆಗಳೂ ದ್ವಿಭಾಷಾ. ಬೀದಿಯಲ್ಲಿ ಕೇಳುವುದು ಜಾಸ್ತಿ ಫ್ರೆಂಚ್. ಸುತ್ತಲೂ ಇರುವುದು ಡಚ್ ಮಾತಾಡುವ ಫ್ಲಾಂಡರ್ಸ್, ನಡುವೆ ಈ ಊರು ದ್ವೀಪದ ಹಾಗೆ. ಇಲ್ಲಿ ಬೊಂಜೂರ್ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಗಡಿಗೆ ಹೊಕ್ಕ ತಕ್ಷಣ ಅದನ್ನು ಅನ್ನದೆ ನೇರ ವಿಷಯಕ್ಕೆ ಹೋದರೆ ಮಾತ್ರ ಮುಖ ಗಂಟಾಗುತ್ತದೆ. ಆಮೇಲೆ ಇಂಗ್ಲಿಷ್‌ಗೆ ಹೊರಳಿ. ಗೆಂಟ್, ಬ್ರೂಜ್ ಕಡೆ ಹೋದರೆ ಫ್ರೆಂಚ್ ತೆಗೆಯಬೇಡಿ, ಮೊದಲಿಗೇ ಇಂಗ್ಲಿಷ್ ಒಳ್ಳೆಯದು. ಜರ್ಮನ್ ಕೂಡ ಈ ದೇಶದ ಅಧಿಕೃತ ಭಾಷೆಯೇ, ಆದರೆ ಅದು ಪೂರ್ವದ ಗಡಿಯಲ್ಲಿ, ಇಲ್ಲಿ ಉಪಯೋಗವಿಲ್ಲ.

ಬೋರ್ಡಿಗಾಗಿ ಜಗಳ ಆಡುವುದು ನಮಗೇನೂ ಹೊಸದಲ್ಲ, ಅಲ್ವಾ. ಆದರೆ ಇವರು ಒಂದು ಕೈ ಮೇಲೆ. ಇಲ್ಲಿಂದ ಅರ್ಧ ಗಂಟೆ ದೂರದಲ್ಲಿ ಲ್ಯೂವೆನ್ ಅನ್ನುವ ಊರು. ಅಲ್ಲಿ ನೂರಾರು ವರ್ಷ ಹಳೆಯ ವಿಶ್ವವಿದ್ಯಾಲಯ, 1425ರದ್ದು. 1968ರಲ್ಲಿ ಭಾಷೆಯ ಗಲಾಟೆಯಿಂದ ಸರ್ಕಾರವೇ ಬಿತ್ತು, ವಿಶ್ವವಿದ್ಯಾಲಯ ಎರಡಾಯಿತು, ಫ್ರೆಂಚಿನವರಿಗೆ ಹೊಸ ಊರೇ ಕಟ್ಟಿದರು. ಲೈಬ್ರರಿ ಪುಸ್ತಕ ಹೇಗೆ ಹಂಚಿಕೊಂಡರು ಗೊತ್ತಾ? ನಂಬರ್ ನೋಡಿ. ಬೆಸ ಸಂಖ್ಯೆ ಒಬ್ಬರಿಗೆ, ಸಮ ಸಂಖ್ಯೆ ಇನ್ನೊಬ್ಬರಿಗೆ. ಅಣ್ಣತಮ್ಮಂದಿರು ಪಾಲಾದಾಗ ಚೊಂಬು ನಿನಗೆ, ಮುಚ್ಚಳ ನನಗೆ ಅನ್ನುತ್ತಾರಲ್ಲ, ಹಾಗೆ.


ಬೆನ್ನಚೀಲ:

ಅಬ್ಬಾ, ಎಷ್ಟೊಂದು ವಿಷಯ. ರೂಮ್ ಸೆಂಟ್ರಲ್ ಹತ್ತಿರ ಹಿಡಿದೆ, ನೀಲಿಛತ್ರಿ ಅವರಿಗೆ ಥ್ಯಾಂಕ್ಸ್. ಗೆಂಟ್ ಈ ಸಲ ಬೇಡ, ಎರಡು ದಿನಕ್ಕೆ ಒಂದೇ ಊರು ಸಾಕು. ಒಂದು ಪ್ರಶ್ನೆ: ಚಿತ್ರಕಾರ ಮ್ಯಾಗ್ರಿಟ್‌ನ ಮ್ಯೂಸಿಯಂ ಮತ್ತು ಅಟೋಮಿಯಂ ಎರಡೂ ಸೋಮವಾರ ಇಟ್ಟುಕೊಂಡಿದ್ದೇನೆ, ಭಾನುವಾರ ಸುಮ್ನೆ ನಡೆಯುವುದು. ಸರಿ ಇದೆಯಾ?


ಹಳೇ ಟ್ರಾಮ್:

ಉಲ್ಟಾ ಮಾಡಿ! ಮ್ಯಾಗ್ರಿಟ್ ಸೋಮವಾರ ರಜೆ. ಊರಿನ ಮ್ಯೂಸಿಯಂ, ಹೋರ್ಟಾ ಮ್ಯೂಸಿಯಂ ಕೂಡ ಹಾಗೇ. ಅವನ್ನೆಲ್ಲ ಭಾನುವಾರಕ್ಕೆ ತನ್ನಿ. ಹೋರ್ಟಾ ಅಂದರೆ ಬಳ್ಳಿ ಬಳುಕಿದ ಹಾಗೆ ಕಬ್ಬಿಣ ಬಗ್ಗಿಸಿ ಮನೆ ಕಟ್ಟಿದ ಆರ್ಕಿಟೆಕ್ಟ್. ಅವನ ಮನೆ ಚಿಕ್ಕದು, ಮುಂಚೆಯೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಮ್ಯಾಗ್ರಿಟ್‌ನ ಆ ಹೆಸರಾಂತ, ಹೊಗೆ ಸೇದುವ ಪೈಪಿನ ಚಿತ್ರ ಇದೆ ಅಂದುಕೊಂಡು ಹೋಗಬೇಡಿ, ಅದು ಲಾಸ್ ಏಂಜಲೀಸ್‌ನಲ್ಲಿದೆ. ಎಷ್ಟೋ ಜನ ಅಲ್ಲಿನ ಸಿಬ್ಬಂದಿಯನ್ನು ಕೇಳಿ ಪೆಚ್ಚಾಗುವುದನ್ನು ನೋಡಿದ್ದೇನೆ.

ಅಟೋಮಿಯಂ ಸೋಮವಾರವೂ ತೆರೆದಿರುತ್ತದೆ. 6ನೇ ಮೆಟ್ರೋ ಲೈನ್, ಇಳಿಯುವ ಜಾಗ ಫ್ರೆಂಚ್‌ನಲ್ಲಿ ಹೇಸೆಲ್, ಡಚ್‌ನಲ್ಲಿ ಹೈಝೆಲ್. 1958ರ ವಿಶ್ವ ಮೇಳಕ್ಕೆ ಕಟ್ಟಿದ್ದು, 102 ಮೀಟರ್, ಒಂಬತ್ತು ಗೋಳ. ಕಬ್ಬಿಣದ ಹರಳಿನ ರಚನೆಯನ್ನು 165 ಶತಕೋಟಿ ಪಟ್ಟು ದೊಡ್ಡದು ಮಾಡಿದ ಹಾಗೆ. ಮೇಳ ಮುಗಿದ ಮೇಲೆ ಕೆಡವಬೇಕಿತ್ತು, ಜನಕ್ಕೆ ಇಷ್ಟವಾಗಿ ಉಳಿಯಿತು. ಮೆಟ್ರೋಗೆ ಬೇರೆ ಟಿಕೆಟ್ ಬೇಡ, ನಿಮ್ಮ ಬ್ಯಾಂಕ್ ಕಾರ್ಡನ್ನೇ ಮೆಷಿನ್‌ಗೆ ತೋರಿಸಿ. ಎಷ್ಟು ಸಲ ಹತ್ತಿದರೂ ದಿನಕ್ಕೊಂದು ಮಿತಿ ಇದೆ, ಅದಕ್ಕಿಂತ ಜಾಸ್ತಿ ಹೋಗುವುದಿಲ್ಲ. ಪ್ರತಿ ಸಲವೂ ಅದೇ ಕಾರ್ಡ್ ಇರಬೇಕು ಅಷ್ಟೇ.

ಬೂಟು ಒಳ್ಳೆಯದು ಹಾಕಿಕೊಳ್ಳಿ, ಹಳೇ ಬೀದಿಗಳೆಲ್ಲ ಕಲ್ಲುಹಾಸು. ಚೀಲವನ್ನು ಸ್ಟೇಷನ್‌ನ ಲಾಕರ್‌ನಲ್ಲಿ ಇಡಬಹುದು.


ಬೆನ್ನಚೀಲ:

ಹೋಗಿಬಂದೆ! ವಿವರ ಬರೆಯುತ್ತೇನೆ ಅಂದಿದ್ದೆನಲ್ಲ ಅಂತ ನನಗೆ ನಾನೇ ನೆನಪಿಸಿಕೊಂಡು ಬರೆಯುತ್ತಿದ್ದೇನೆ, ಯಾರೂ ಕೇಳಿಲ್ಲ.

ಭಾನುವಾರ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿದಾಗ ಮೊದಲ ಅರ್ಧ ಗಂಟೆ ಕೈಕಾಲು ಆಡಲಿಲ್ಲ. ಯಾರ ಜೊತೆ ಮಾತಾಡುವುದು, ಯಾರಿಗೆ ತೋರಿಸುವುದು, ಹಾಗೆಲ್ಲ. ಆಮೇಲೆ ಬೋರ್ಡ್ ಓದಲು ಶುರು ಮಾಡಿದೆ. ಬೆಣ್ಣೆ ಬೀದಿ, ಕಟುಕರ ಬೀದಿ, ಹುಲ್ಲಿನ ಸಂತೆ. ಒಂದು ಭಾಷೆಯಲ್ಲಿ ಗೊತ್ತಾಗದ್ದನ್ನು ಇನ್ನೊಂದರಲ್ಲಿ ಊಹೆ ಮಾಡುವುದು, ಕಲೋನ್‌ನಲ್ಲಿ ಕಲಿತ ಎರಡು ಜರ್ಮನ್ ಪದ ಡಚ್ ಓದಲು ಸಹಾಯಕ್ಕೆ ಬಂದವು. ಜೊತೆಗೆ ಯಾರಾದರೂ ಇದ್ದಿದ್ದರೆ ನಡಿ ನಡಿ ಅಂತ ಎಳೆದುಕೊಂಡು ಹೋಗುತ್ತಿದ್ದರು. ನಾನು ಒಂದೊಂದು ಮೂಲೆಯಲ್ಲೂ ಎರಡು ನಿಮಿಷ ನಿಂತೆ.

ಅಸಲಿ ಮಾನೆಕೆನ್ ಪಿಸ್ ಮುಂದೆ ನಿಜವಾಗಿಯೂ ಮೂರೇ ಜನ ಇದ್ದೆವು. ಆ ಗೋಪುರದ ಎಡಬಲ ಕಿಟಕಿ ಎಣಿಸಿದೆ, ಎರಡು ಸಲ ಎಣಿಸಿದೆ, ಎರಡೂ ಸಲ ಬೇರೆಬೇರೆ ಲೆಕ್ಕ ಬಂತು, ಬಿಟ್ಟೆ. ಮ್ಯಾಗ್ರಿಟ್‌ನಲ್ಲಿ ಹಗಲು ಆಕಾಶದ ಕೆಳಗೆ ರಾತ್ರಿ ಇರುವ ಬೀದಿಯ ಚಿತ್ರದ ಮುಂದೆ ಬೆಂಚು ಸಿಕ್ಕಿತು, ಕಾಲು ನೋಯುತ್ತಿದ್ದರಿಂದ ಅಲ್ಲಿ ಇಪ್ಪತ್ತು ನಿಮಿಷ ಕೂತೆ. ಈಗ ನನಗೆ ತುಂಬಾ ನೆನಪಿರುವುದು ಆ ಚಿತ್ರವೇ.

ಫ್ರೆಂಚ್‌ನ ಕಥೆ ಕೇಳಿ. ಸಂತೆಯಲ್ಲಿ ಒಂದು ಹಳೇ ಹಿತ್ತಾಳೆ ಚಮಚದ ಬೆಲೆ ಕೇಳಿದೆ. ಅಜ್ಜ ನೊನಾಂಟ್ ಅಂದರು. ನನ್ನ ಆ್ಯಪ್‌ನಲ್ಲಿ ತೊಂಬತ್ತಕ್ಕೆ ನಾಲ್ಕು ಇಪ್ಪತ್ತು ಹತ್ತು ಅಂತ ಉದ್ದ ಹೇಳಿಕೊಟ್ಟಿದ್ದರು, ಇದೇನು ನೊನಾಂಟ್ ಅಂತ ನಾನು ಒಂಬತ್ತು ಅಂದುಕೊಂಡು ಹತ್ತು ಯೂರೋ ನೋಟು ಕೊಟ್ಟೆ. ಅಜ್ಜ ಬಿದ್ದು ಬಿದ್ದು ನಕ್ಕರು. ಆಮೇಲೆ ನೋಡಿದರೆ ಅವರು ಹೇಳಿದ್ದು ತೊಂಬತ್ತು ಸೆಂಟ್! ಬೆಲ್ಜಿಯಂನ ಫ್ರೆಂಚ್‌ನಲ್ಲಿ ತೊಂಬತ್ತಕ್ಕೆ ನೊನಾಂಟ್ ಅನ್ನುತ್ತಾರಂತೆ. ಚಿಲ್ಲರೆ ಎಣಿಸಿ ಎಣಿಸಿ ವಾಪಸ್ ಕೊಟ್ಟರು, ಚಮಚ ಈಗ ನನ್ನ ಮೇಜಿನ ಮೇಲಿದೆ.

ಚಕ್ಕುಲಿ ಅವರೇ, ಎಣ್ಣೆಯಲ್ಲಿ ಕರಿಯುವ ಅಂಗಡಿ ಮೂರನೆಯದರಲ್ಲಿ ಸಿಕ್ಕಿತು. ಲಿಯೇಜ್ ವಾಫಲ್‌ಗೆ ನನ್ನದೂ ಒಂದು ಮತ.

ವಾಪಸ್ ಬರುವಾಗ ಬೋರ್ಡ್‌ನಲ್ಲಿ ಕೋಲ್ನ್ ಇಲ್ಲ, ಕೋಲೆನ್ ಇಲ್ಲ, ಕಲೋನ್ ಕೂಡ ಇಲ್ಲ. ಎದೆ ಧಸಕ್ ಅಂತು. ನೀಲಿಛತ್ರಿ ಅವರ ಮಾತು ನೆನಪಾಗಿ ರೈಲಿನ ನಂಬರ್ ನೋಡಿದೆ. ಅದರ ಮುಂದೆ ಫ್ರಾಂಕ್‌ಫರ್ಟ್ ಅಂತ ಇತ್ತು, ರೈಲು ಅಲ್ಲಿಯವರೆಗೆ ಹೋಗುವುದಂತೆ. ಹತ್ತಿ ಕೂತೆ. ಲಿಯೇಜ್ ದಾಟುವಷ್ಟರಲ್ಲಿ ನಿದ್ದೆ ಬಂದಿತ್ತು.